ದುಡಿದು ದಣಿದ ಕುದುರೆಗೆ ಒಂದು ನೆಲೆ

ನಿಮ್ಮಲ್ಲಿ ವಯಸ್ಸಾದವರಿಗೆ ಜಟಕಾ ಗಾಡಿಯ ನೆನಪು ಇದ್ದೇ ಇರುತ್ತದೆ. ರೈಲು ನಿಲ್ದಾಣದಿಂದ ಮನೆಗೆ ಬರುವಾಗ ಗಾಡಿಯೊಳಗೆ ಹಾಸಿದ ಹುಲ್ಲಿನ ಮೇಲೆ ಕಾಲು ಮಡಿಸಿ ಕುಳಿತುಕೊಳ್ಳಬೇಕು. "ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ, ಹಿಂಭಾರವಾಯಿತು" ಎಂದು ಗಾಡಿಯವನು ಹೇಳಿದಾಗ ಮುಂದಕ್ಕೆ ಸರಿಯಬೇಕು. ಆ ಗಾಡಿಯ ಸದ್ದು, ಆ ಹುಲ್ಲಿನ ವಾಸನೆ ನಮಗೆ ಇನ್ನೂ ನೆನಪಿದೆ. ಆದರೆ ಗಾಡಿಯನ್ನು ಎಳೆದ ಕುದುರೆ ಮುದಿಯಾದ ಮೇಲೆ ಅದಕ್ಕೆ ಏನಾಯಿತು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ನಾನು ವಿಚಾರಿಸಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಜಟಕಾ ಸಾಬರು ಇದ್ದರು. ಅವರ ಬಿಳಿಯ ಕುದುರೆ ಹುಲ್ಲನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ, ಉಂಡೆ ಕಟ್ಟಿ, ಕೆಳಕ್ಕೆ ಹಾಕುತ್ತಿತ್ತು. ನಾವು ಹುಡುಗರು ಅದನ್ನು ಒಂದು ಆಟವೆಂದುಕೊಂಡು ಆ ಉಂಡೆಗಳನ್ನು ಎಣಿಸುತ್ತಿದ್ದೆವು. ಒಂದು ದಿನ ನಮ್ಮ ತಾಯಿ, "ಏನು ಸಾಬರೆ, ಮುಂದೆ ಇಷ್ಟು ಹುಲ್ಲಿದ್ದರೂ ಕುದುರೆ ಹೀಗೆ ಬಡವಾಗುತ್ತಿದೆಯಲ್ಲ?" ಎಂದು ಕೇಳಿದರು. "ವಯಸ್ಸಾಯಿತು ಅಮ್ಮಾವರೆ, ಏನು ಮಾಡೋದು" ಎಂದರು ಅವರು. ಕೆಲವು ತಿಂಗಳಲ್ಲಿ ಕುದುರೆ ಕಾಣಲಿಲ್ಲ. ಊರಾಚೆಯ ಕೆರೆಯಂಗಳದಲ್ಲಿ ಬಿಟ್ಟುಬಂದರೆಂದು ದೊಡ್ಡವರು ಮಾತನಾಡಿಕೊಂಡರು. ಸಾಬರು ಕೆಟ್ಟವರಲ್ಲ; ಮನೆಯಲ್ಲಿ ಆರು ಜನ ಉಣ್ಣುವವರು, ದುಡಿಯುವುದು ಒಂದು ಕುದುರೆ. ಅದಕ್ಕೆ ಕೂತು ತಿನ್ನುವ ಕಾಲ ಬಂದರೆ ಇನ್ನೊಂದನ್ನು ಕೊಳ್ಳುವುದೆಲ್ಲಿಂದ? ಎಷ್ಟೋ ವರ್ಷಗಳ ಮೇಲೆ ಒಬ್ಬ ಪಶುವೈದ್ಯರು ನನಗೆ ಆ ಹುಲ್ಲಿನ ಉಂಡೆಯ ಅರ್ಥ ಹೇಳಿದರು. ಹಲ್ಲು ಕೆಟ್ಟಿದ್ದರಿಂದ ಅದಕ್ಕೆ ಅಗಿಯಲು ಆಗುತ್ತಿರಲಿಲ್ಲ. ಮುಂದೆ ಹುಲ್ಲಿನ ರಾಶಿಯನ್ನಿಟ್ಟುಕೊಂಡೇ ಆ ಪ್ರಾಣಿ ಹಸಿವಿನಿಂದ ಸೊರಗುತ್ತಿತ್ತು.

ಮುದಿಯಾದ, ರೋಗಿಯಾದ, ಯಾರಿಗೂ ಬೇಡವಾದ ಕುದುರೆಗಳನ್ನು ತಂದು ಸಾಕುವ ಆಶ್ರಯಧಾಮಗಳು ಇಂದು ಹಲವು ದೇಶಗಳಲ್ಲಿವೆ. ಅಲ್ಲಿ ನಡೆಯುವ ಕೆಲಸವೇನು, ಅದರ ಕಷ್ಟವೇನು ಎಂಬುದನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಕುದುರೆಯ ಆರೈಕೆ ನಮಗೆ ಹೊಸದೇನೂ ಅಲ್ಲ. ಮಹಾಭಾರತದ ನಕುಲ ಅಜ್ಞಾತವಾಸದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಲಾಯವನ್ನು ನೋಡಿಕೊಂಡದ್ದು ನಿಮಗೆ ಗೊತ್ತು. ಶಾಲಿಹೋತ್ರನ ಹೆಸರಿನಲ್ಲಿ ಅಶ್ವವೈದ್ಯದ ಒಂದು ಶಾಸ್ತ್ರವೇ ಬೆಳೆಯಿತು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆಂದು ಅಶೋಕ ತನ್ನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಬರೆಸಿದ್ದಾನೆ. ಆದರೆ ರಾಜನ ಕುದುರೆಗೆ ದೊರೆತ ಉಪಚಾರ ಬಾಡಿಗೆ ಗಾಡಿಯ ಕುದುರೆಗೆ ದೊರೆಯುವುದು ಅಷ್ಟು ಸುಲಭವಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ 1877ರಲ್ಲಿ ಆನ್ನಾ ಸೂಯೆಲ್ ಎಂಬಾಕೆ ಕುದುರೆಯೊಂದು ತಾನೇ ತನ್ನ ಕಥೆ ಹೇಳುವಂತೆ ಬರೆದ 'ಬ್ಲ್ಯಾಕ್ ಬ್ಯೂಟಿ' ಪ್ರಕಟವಾಯಿತು. ಲಂಡನ್ನಿನ ಬಾಡಿಗೆ ಗಾಡಿಗಳ ಕುದುರೆಗಳು ಪಡುವ ಪಾಡನ್ನು ಅದು ಜನರ ಕಣ್ಣಿಗೆ ಕಟ್ಟುವಂತೆ ಮಾಡಿತು. ಅದರಿಂದ ಪ್ರೇರಣೆ ಪಡೆದ ಆನ್ ಲಿಂಡೊ ಎಂಬ ಮಹಿಳೆ 1886ರಲ್ಲಿ ಕುದುರೆಗಳಿಗೆ ಒಂದು ವಿಶ್ರಾಂತಿಧಾಮವನ್ನು ತೆರೆದರು. ಇದರಲ್ಲಿ ನಾವು ಗಮನಿಸಬೇಕಾದ ಒಂದು ಜಾಣ್ಮೆಯಿದೆ. ಕುದುರೆ ವಿಶ್ರಾಂತಿ ಪಡೆಯುವಷ್ಟು ದಿನ ಗಾಡಿಯವನ ಹೊಟ್ಟೆ ಹೊರೆಯುವುದು ಹೇಗೆ? ಧಾಮದವರು ಅವನಿಗೆ ಬೇರೊಂದು ಕುದುರೆಯನ್ನು ಕೊಟ್ಟು ಕಳುಹಿಸುವ ಏರ್ಪಾಡನ್ನೂ ಮಾಡಿದರು. ಪ್ರಾಣಿಯ ಕಷ್ಟವನ್ನು ಒಡೆಯನ ಕಷ್ಟದಿಂದ ಬೇರ್ಪಡಿಸಲಾಗದೆಂಬುದನ್ನು ಅವರು ಕಂಡುಕೊಂಡಿದ್ದರು. ಆ ಸಂಸ್ಥೆ ಈಗಲೂ ಬಕಿಂಗ್‌ಹ್ಯಾಮ್‌ಶೈರಿನಲ್ಲಿ 'ದಿ ಹಾರ್ಸ್ ಟ್ರಸ್ಟ್' ಎಂಬ ಹೆಸರಿನಿಂದ ನಡೆಯುತ್ತಿದೆ. 1982ರ ಜುಲೈ 20ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬಾಂಬು ಸಿಡಿದು ರಾಜಪರಿವಾರದ ಅಶ್ವದಳದ ಏಳು ಕುದುರೆಗಳು ಸತ್ತವು. ಸೆಫ್ಟನ್ ಎಂಬ ಹತ್ತೊಂಬತ್ತು ವರ್ಷದ ಕುದುರೆ 34 ಗಾಯಗಳೊಡನೆ ಬದುಕಿಕೊಂಡಿತು. 1984ರಲ್ಲಿ ಅದಕ್ಕೆ ನಿವೃತ್ತಿಯಾಯಿತು. ಇದೇ ಧಾಮದ ಹುಲ್ಲುಗಾವಲಿನಲ್ಲಿ ತನ್ನ ಮೂವತ್ತನೆಯ ವಯಸ್ಸಿನವರೆಗೆ, 1993ರವರೆಗೆ, ಅದು ಬದುಕಿತ್ತು.

ಕುದುರೆಯ ಆಯುಸ್ಸು ಸಾಮಾನ್ಯವಾಗಿ 25ರಿಂದ 30 ವರ್ಷ. ಇಂಗ್ಲೆಂಡಿನ ಕಾಲುವೆಯಲ್ಲಿ ದೋಣಿ ಎಳೆಯುತ್ತಿದ್ದ 'ಓಲ್ಡ್ ಬಿಲ್ಲಿ' ಎಂಬ ಕುದುರೆ 1760ರಲ್ಲಿ ಹುಟ್ಟಿ 1822ರವರೆಗೆ, ಅಂದರೆ 62 ವರ್ಷ, ಬದುಕಿತ್ತಂತೆ, ಅದೊಂದು ಅಪವಾದ. ಇರಲಿ. ಹದಿನೆಂಟು ಇಪ್ಪತ್ತಕ್ಕೆ ಕೆಲಸ ಬಿಟ್ಟ ಕುದುರೆ ಇನ್ನೂ ಎಂಟು ಹತ್ತು ವರ್ಷ ಉಳಿಯಬಹುದು ಎಂಬುದಷ್ಟೇ ನಮಗೆ ಮುಖ್ಯ. ಅದನ್ನು ತಂದುಕೊಳ್ಳುವವರು ಅಷ್ಟು ವರ್ಷದ ಹೊಣೆಯನ್ನು ತಂದುಕೊಂಡಂತೆ.

ಹೀಗೆ ಕೈಬಿಟ್ಟ ಒಂದು ಕುದುರೆ ಧಾಮಕ್ಕೆ ಬಂದಿತೆಂದು ಇಟ್ಟುಕೊಳ್ಳಿ. ಪಕ್ಕೆಲುಬು ಎಣಿಸಬಹುದು, ಸೊಂಟದ ಮೂಳೆ ಗೂಟದಂತೆ ಎದ್ದಿದೆ. ನೀವು ನೋಡಿದೊಡನೆ ಏನು ಮಾಡುತ್ತೀರಿ? ಅಯ್ಯೋ ಪಾಪ ಎಂದು ಒಂದು ಬಕೆಟ್ಟು ಬೇಯಿಸಿದ ಹುರುಳಿ ತಂದು ಇಡುತ್ತೀರಿ. ಅದರಿಂದ ಆ ಕುದುರೆ ಸತ್ತರೂ ಸಾಯಬಹುದು! ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಪಿಷ್ಟದ ಆಹಾರ ಸಿಕ್ಕಿತೆಂದರೆ ರಕ್ತದಲ್ಲಿರುವ ಫಾಸ್ಫೇಟು, ಮೆಗ್ನೀಸಿಯಮ್ಮು, ಪೊಟ್ಯಾಸಿಯಮ್ಮು ಇವೆಲ್ಲ ಥಟ್ಟನೆ ಜೀವಕೋಶಗಳೊಳಕ್ಕೆ ಸೇರಿಕೊಳ್ಳುತ್ತವೆ. ಹೃದಯ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಧಾನ್ಯವಲ್ಲ, ನಮ್ಮ ರೈತರು ಕುದುರೆಮಸಾಲೆ ಎಂದು ಕರೆಯುವ ಸೊಪ್ಪಿನ ಒಣಹುಲ್ಲೇ ಇಂಥ ಕುದುರೆಗೆ ಮೇಲೆಂದು ಅವರಿಗೆ ಕಂಡುಬಂತು. ಅದೂ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಸುಮಾರು ಅರ್ಧ ಕಿಲೋ ಮಾತ್ರ. ಆಮೇಲೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋಗಿ, ಹತ್ತು ದಿನ ಕಳೆದ ಮೇಲೆ ಬೇಕಾದಷ್ಟು ಹುಲ್ಲು. ಎಂದರೆ ರಾತ್ರಿಯೂ ಎದ್ದು ಹುಲ್ಲು ತೂಗಿ ಹಾಕಬೇಕು. ಹಸಿದ ಕುದುರೆ ಇನ್ನೂ ಬೇಕೆಂದು ಗೋದಲಿಯನ್ನು ಒದೆಯುತ್ತಿರುವಾಗ ಮನಸ್ಸು ಗಟ್ಟಿಮಾಡಿಕೊಂಡು ಸುಮ್ಮನಿರಬೇಕು. ದಯೆಗೂ ತಕ್ಕಡಿ ಬೇಕಾಗುತ್ತದೆ ಎಂಬ ಪಾಠ ಅಲ್ಲಿ ಮೊದಲ ದಿನವೇ ಆಗುತ್ತದೆ.

ಹೊಸದಾಗಿ ಬಂದ ಕುದುರೆಯನ್ನು ಕೆಲವು ವಾರ ಬೇರೆ ಕುದುರೆಗಳಿಂದ ದೂರವಿಡುತ್ತಾರೆ. ಅಂಟುರೋಗ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸುತ್ತಾರೆ. ನಮ್ಮ ದೇಶದಲ್ಲಿ ಕಚ್ಚುವ ನೊಣಗಳಿಂದ ಹರಡುವ ಸರ್ರಾ ಎಂಬ ಜ್ವರವನ್ನು ಮರೆಯುವಂತಿಲ್ಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಅದರ ಜಂತುವನ್ನು ಪಂಜಾಬಿನ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿಯೇ ಕಂಡುಹಿಡಿದ. ಧನುರ್ವಾಯುವಿನ ಚುಚ್ಚುಮದ್ದು, ಹೊಟ್ಟೆಹುಳುವಿನ ಔಷಧ ಇವೂ ಆಗಬೇಕು.

ಇನ್ನು ಹಲ್ಲಿನ ವಿಚಾರ. ಕುದುರೆಯ ದವಡೆಹಲ್ಲು ನಮ್ಮ ಹಲ್ಲಿನಂತಲ್ಲ. ಅದರ ಬಹುಭಾಗ ದವಡೆಯ ಮೂಳೆಯೊಳಗೆ ಹುದುಗಿರುತ್ತದೆ. ಹುಲ್ಲು ಅಗಿದು ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಸವೆಯುತ್ತದೆ, ಸುಮಾರು ಅಷ್ಟೇ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಈ ದಾಸ್ತಾನು ಮುಗಿಯುವ ಹೊತ್ತಿಗೆ ಮುಪ್ಪು ಬಂದಿರುತ್ತದೆ. ಸವೆತ ಸಮನಾಗಿರದಿದ್ದರೆ ಹಲ್ಲಿನ ಅಂಚು ಉಳಿಯಂತೆ ಚೂಪಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತದೆ. ಆದುದರಿಂದ ಪಶುವೈದ್ಯರು ಬಾಯಿ ತೆರೆಯಿಸಿ, ಅರದಿಂದ ಆ ಚೂಪನ್ನು ಉಜ್ಜಿ ತೆಗೆಯುತ್ತಾರೆ. ಮುದಿ ಕುದುರೆಗೆ ವರ್ಷಕ್ಕೆ ಎರಡು ಬಾರಿಯಾದರೂ ಬಾಯಿ ನೋಡಬೇಕು. ಹಲ್ಲೇ ಇಲ್ಲದ ಕುದುರೆಗೆ ಅಗಿಯುವ ಕೆಲಸವನ್ನು ನಾವೇ ಮಾಡಿಕೊಡಬೇಕು. ಸಣ್ಣಗೆ ಕತ್ತರಿಸಿದ ಹುಲ್ಲು, ಚೆನ್ನಾಗಿ ನೆನೆಸಿದ ಬೂಸ, ಮೆತ್ತಗೆ ಬೇಯಿಸಿ ಹಿಸುಕಿದ ಹುರುಳಿ, ಒಂದಿಷ್ಟು ಎಣ್ಣೆ, ಉಪ್ಪು, ಎಲ್ಲವನ್ನೂ ಅಂಬಲಿಯಂತೆ ಕಲಸಿ ದಿನಕ್ಕೆ ನಾಲ್ಕೈದು ಸಲ ಇಡಬೇಕು. ಒಮ್ಮೆಗೇ ಹೆಚ್ಚು ಕೊಡುವಂತಿಲ್ಲ. ದೇಹ ದೊಡ್ಡದಾದರೂ ಕುದುರೆಯ ಜಠರ ಚಿಕ್ಕದು, ಮೇಲಾಗಿ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೆಚ್ಚಾದರೆ, ಅಥವಾ ನೀರು ಸಾಲದೆ ಒಳಗೆ ಗಟ್ಟಿಯಾದರೆ, ಹೊಟ್ಟೆಶೂಲೆ ಹಿಡಿಯುತ್ತದೆ. ಕುದುರೆ ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತಿದೆ, ಕಾಲಿನಿಂದ ನೆಲ ಕೆರೆಯುತ್ತಿದೆ, ಲದ್ದಿ ಹಾಕಿಲ್ಲ, ಬಿದ್ದು ಹೊರಳಾಡುತ್ತಿದೆ ಎಂದರೆ ಬೆಳಗಾಗಲೆಂದು ಕಾಯಬಾರದು. ಆ ಗಳಿಗೆಯೇ ವೈದ್ಯರನ್ನು ಕರೆಯಬೇಕು. ಇದಕ್ಕಾಗಿಯೇ ಧಾಮದ ಕೆಲಸಗಾರ ಬೆಳಗ್ಗೆ ಎದ್ದವನು ಕುದುರೆಯ ಮುಖಕ್ಕೆ ಮೊದಲು ಅದರ ಲದ್ದಿಯನ್ನು ನೋಡುತ್ತಾನೆ.

ಗೊರಸಿನ ಮಾತು ಇನ್ನೂ ದೊಡ್ಡದು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಓಡಾಟವಿಲ್ಲದ ಕುದುರೆಗೆ ಆರು ಎಂಟು ವಾರಕ್ಕೊಮ್ಮೆ ಅದನ್ನು ಕತ್ತರಿಸಿ ಸಮಮಾಡದಿದ್ದರೆ ಅಡಿ ಸೊಟ್ಟಗಾಗಿ ಕೀಲುಗಳ ಮೇಲೆ ಭಾರ ಬೀಳುತ್ತದೆ. ಮುದಿ ಕುದುರೆಗೆ ಒಂದು ಕಾಲನ್ನು ಬಹಳ ಹೊತ್ತು ಎತ್ತಿ ಹಿಡಿದರೆ ಉಳಿದ ಮೂರು ಕಾಲಿನಲ್ಲಿ ನಿಲ್ಲಲಾಗದು. ಲಾಳದವನು ಸ್ವಲ್ಪ ಕತ್ತರಿಸಿ, ಕಾಲು ಬಿಟ್ಟು, ಅದರ ಕತ್ತು ಸವರಿ, ಮತ್ತೆ ಹಿಡಿಯಬೇಕು. ನಮ್ಮ ಮಳೆಗಾಲದಲ್ಲಿ ಲಾಯದ ನೆಲ ಒದ್ದೆಯಾದರೆ ಅಂಗಾಲು ಕೊಳೆತು ನಾರುತ್ತದೆ. ಇವೆಲ್ಲಕ್ಕಿಂತ ಕ್ರೂರವಾದದ್ದು ಗೊರಸಿನೊಳಗಿನ ಉರಿಯೂತ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟ ಪದರ ಊದಿಕೊಂಡು ಸಡಿಲವಾಗುತ್ತದೆ. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಮ್ಮಡಿಗೆ ಹಾಕಿ ಕೆಂಡದ ಮೇಲೆ ನಿಂತಂತೆ ನಿಲ್ಲುತ್ತದೆ. ಹಳೆಯ ಕುದುರೆಗಳಲ್ಲಿ ಇದಕ್ಕೆ ಮಿದುಳಿನ ತಳದ ಪಿಟ್ಯೂಟರಿ ಗ್ರಂಥಿಯ ದೋಷವೂ ಒಂದು ಕಾರಣ. ಅಂಥ ಕುದುರೆಯ ಮೈಮೇಲೆ ಬೇಸಿಗೆಯಲ್ಲಿಯೂ ಉದುರದ ಉದ್ದ ಗುಂಗುರು ಕೂದಲಿರುತ್ತದೆ, ನೀರು ಹೆಚ್ಚು ಕುಡಿಯುತ್ತದೆ, ಬೆನ್ನಿನ ಮಾಂಸ ಕರಗುತ್ತದೆ. ಇದಕ್ಕೆ ಪರ್ಗೊಲೈಡ್ ಎಂಬ ಮಾತ್ರೆ ಇದೆ. ಜೀವವಿರುವವರೆಗೂ ದಿನವೂ ಕೊಡಬೇಕು. ಆ ಖರ್ಚನ್ನೂ ಲೆಕ್ಕ ಹಿಡಿಯಬೇಕು.

ಕುದುರೆ ನಿಂತೇ ನಿದ್ರಿಸುತ್ತದೆಂದು ನಾವೆಲ್ಲ ಕೇಳಿದ್ದೇವೆ. ಅದು ಅರ್ಧ ನಿಜ. ಕಾಲಿನ ಕೀಲುಗಳಿಗೆ ಅಗಳಿ ಹಾಕಿದಂತೆ ಮಾಡಿಕೊಂಡು ತೂಕಡಿಸುವ ಏರ್ಪಾಡು ಅದಕ್ಕಿದೆ. ಆದರೆ ಗಾಢನಿದ್ರೆಗೆ ಅದು ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮಲಗಲೇಬೇಕು. ಕೀಲುನೋವಿನ ಮುದಿ ಕುದುರೆ ಮಲಗಲು ಹೆದರುತ್ತದೆ. ಮಲಗಿದರೆ ಏಳಲಾಗುವುದಿಲ್ಲವೆಂದು ಅದಕ್ಕೆ ಗೊತ್ತು. ದಿನಗಟ್ಟಲೆ ನಿದ್ದೆಗೆಟ್ಟು, ನಿಂತಲ್ಲಿಯೇ ಜೋಂಪು ಹತ್ತಿ, ಮುಂಗಾಲು ಮಡಿಸಿಕೊಂಡು ಧೊಪ್ಪನೆ ಕುಸಿಯುತ್ತದೆ. ಗೊರಸಿನ ಮೇಲಿನ ಗಿಣ್ಣಿನ ಮುಂಭಾಗದಲ್ಲಿ ಮಾಯದ ಗಾಯವಿದ್ದರೆ, ಆ ಕುದುರೆ ನಿದ್ರೆ ಮಾಡಿಲ್ಲವೆಂದು ತಿಳಿದವರು ಹೇಳಿಬಿಡುತ್ತಾರೆ. ಮೊಣಕಾಲುದ್ದ ಹುಲ್ಲು ಹಾಸಿದ ವಿಶಾಲವಾದ ಜಾಗ, ನೋವು ಕಡಿಮೆಮಾಡುವ ಔಷಧ ಮತ್ತು ಪಕ್ಕದಲ್ಲಿ ಕಾವಲಿಗೆ ನಿಲ್ಲುವ ಇನ್ನೊಂದು ಕುದುರೆ, ಈ ಮೂರಿದ್ದರೆ ಎಷ್ಟೋ ಕುದುರೆಗಳು ಮತ್ತೆ ಧೈರ್ಯವಾಗಿ ಮಲಗುತ್ತವೆ.

ಜೊತೆಯ ಮಾತು ಬಂತು. ಕುದುರೆ ಮಂದೆಯ ಪ್ರಾಣಿ. ಒಂಟಿಯಾಗಿ ಎಷ್ಟೇ ಸುಖದಲ್ಲಿಟ್ಟರೂ ಕೊರಗುತ್ತದೆ. ಕಣ್ಣು ಕಾಣದ ಕುದುರೆಯ ಜೊತೆಗಾರನ ಕೊರಳಿಗೆ ಒಂದು ಗಂಟೆ ಕಟ್ಟಿದರೆ ಆ ಸದ್ದನ್ನು ಹಿಡಿದು ಅದು ಬಯಲೆಲ್ಲ ಓಡಾಡುತ್ತದೆ. ಅದರ ನೀರಿನ ತೊಟ್ಟಿಯನ್ನು ಮಾತ್ರ ಇದ್ದಲ್ಲಿಂದ ಕದಲಿಸಬಾರದು. ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದಕ್ಕೆ ಆ ದೇಹವನ್ನು ಮೂಸಿನೋಡಲು ಬಿಡುವುದು ಒಳ್ಳೆಯದೆಂದು ಅನುಭವಸ್ಥರು ಹೇಳುತ್ತಾರೆ. ಇಲ್ಲವಾದರೆ ಅದು ದಿನಗಟ್ಟಲೆ ಕೆನೆಯುತ್ತ ಹುಡುಕುತ್ತದೆ.

ಈಗ ಒಂದು ಕಠಿಣವಾದ ಪ್ರಶ್ನೆಗೆ ಬರೋಣ. ವಾಸಿಯಾಗದ ನೋವಿನಲ್ಲಿರುವ ಕುದುರೆಯನ್ನು ಏನು ಮಾಡಬೇಕು?

ಕೈರೊ ನಗರದ ಒಂದು ಕಥೆ ಹೇಳುತ್ತೇನೆ. ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ರಂಗದಲ್ಲಿ ಸಾವಿರಾರು ಕುದುರೆಗಳು ದುಡಿದವು. ನಮ್ಮ ಮೈಸೂರು ಲ್ಯಾನ್ಸರ್ಸ್ ದಳದ ಸವಾರರೂ ಅಲ್ಲಿದ್ದರು. ಸೂಯೆಜ್ ಕಾಲುವೆಯನ್ನು ಕಾದು, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕೀರ್ತಿಯಲ್ಲಿ ಪಾಲು ಪಡೆದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ತನ್ನ ಸಾವಿರಾರು ಕುದುರೆಗಳನ್ನು ಊರಿಗೆ ಒಯ್ಯದೆ ಈಜಿಪ್ಟಿನಲ್ಲಿಯೇ ಮಾರಿಬಿಟ್ಟಿತು. 1930ರಲ್ಲಿ ಸೇನಾಧಿಕಾರಿಯೊಬ್ಬರ ಪತ್ನಿ ಡೊರೊಥಿ ಬ್ರೂಕ್ ಕೈರೊಗೆ ಬಂದಾಗ ಆ ಕುದುರೆಗಳು ಇನ್ನೂ ಕಲ್ಲಿನ ಬಂಡಿ ಎಳೆಯುತ್ತಿದ್ದವು. ಮೈಮೇಲೆ ಸೈನ್ಯದ ಬಾಣದ ಮುದ್ರೆ. ಕುರುಡು, ಕುಂಟು, ಎಲುಬಿನ ಗೂಡು. ಅವರು 1931ರಲ್ಲಿ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಕಾಗದ ಬರೆದರು. ಓದುಗರು ಹಣ ಕಳುಹಿಸಿದರು. ಮೂರು ವರ್ಷದಲ್ಲಿ ಸುಮಾರು 5,000 ಕುದುರೆಗಳನ್ನು ಆಕೆ ಕೊಂಡುಕೊಂಡರು.

ಕೊಂಡು ಏನು ಮಾಡಿದರು? ಅವುಗಳಲ್ಲಿ ಬಹುಪಾಲು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಮೆತ್ತನೆಯ ಹಾಸಿಗೆ, ಒಳ್ಳೆಯ ಮೇವು, ಬೇಕಾದಷ್ಟು ನೀರು ಕೊಟ್ಟು, ಕೆಲವು ದಿನದ ವಿಶ್ರಾಂತಿಯ ನಂತರ ನೋವಿಲ್ಲದಂತೆ ಅವುಗಳ ಜೀವವನ್ನು ಮುಗಿಸಿದರು. ಆದರೆ ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ಕುದುರೆಗಳ ಒಡೆಯರೂ ಕಡುಬಡವರೆಂಬುದನ್ನು ಕಂಡು, ಅವರ ಪ್ರಾಣಿಗಳಿಗೆ ಬಿಟ್ಟಿ ಚಿಕಿತ್ಸೆ ಕೊಡುವ ಆಸ್ಪತ್ರೆಯನ್ನು 1934ರಲ್ಲಿ ಕೈರೊದಲ್ಲಿ ತೆರೆದರು. ಆ ಸಂಸ್ಥೆಯ ಕೆಲಸ ಮುಂದೆ ಬೆಳೆದು ನಮ್ಮ ದೇಶದವರೆಗೂ ಬಂದಿದೆ.

ಜೀವ ತೆಗೆಯುವುದೆಂದರೆ ನಮಗೆ ಮನಸ್ಸು ಒಪ್ಪುವುದಿಲ್ಲ, ಅದು ಸಹಜ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ನೋವಿನಿಂದ ನರಳುತ್ತಿದ್ದ ಕರುವೊಂದಕ್ಕೆ ಚುಚ್ಚುಮದ್ದು ಕೊಡಿಸಿ ಗಾಂಧೀಜಿ ಅದರ ಬಾಧೆಯನ್ನು ಕೊನೆಗಾಣಿಸಿದಾಗ ಎಷ್ಟು ದೊಡ್ಡ ವಿವಾದವಾಯಿತು! ಅಹಿಂಸೆಯ ಹೆಸರಿನಲ್ಲಿಯೇ ಅವರು ಅದನ್ನು ಸಮರ್ಥಿಸಿಕೊಂಡರು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಧಾಮಗಳಲ್ಲಿ ದುಡಿಯುವವರು ತಮಗೆ ತಾವೇ ಕೇಳಿಕೊಳ್ಳುವ ಪ್ರಶ್ನೆಗಳನ್ನು ಮಾತ್ರ ಹೇಳುತ್ತೇನೆ. ಕುದುರೆ ಮೇವಿಗೆ ಬಾಯಿ ಹಾಕುತ್ತಿದೆಯೇ? ಮಲಗಿ ತಾನೇ ಏಳುತ್ತಿದೆಯೇ? ಜೊತೆಗಾರರ ಬಳಿಗೆ ಹೋಗುತ್ತಿದೆಯೇ? ಔಷಧಕ್ಕೆ ನೋವು ಇಳಿಯುತ್ತಿದೆಯೇ? ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳು ಹೆಚ್ಚಾಗಿವೆಯೇ? ಉತ್ತರವನ್ನು ದಿನವೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಏಕೆಂದರೆ ಪ್ರೀತಿಸುವ ಕಣ್ಣಿಗೆ ಇವತ್ತಿನ ನೋವು ನಿನ್ನೆಯಷ್ಟೇ ಎಂದು ಕಾಣುತ್ತದೆ. "ಇನ್ನೊಂದು ವಾರ ನೋಡೋಣ" ಎಂದು ನಾವು ಹೇಳುವುದು ಕುದುರೆಗಾಗಿಯೋ, ನಮ್ಮ ಸಮಾಧಾನಕ್ಕಾಗಿಯೋ ಎಂಬುದನ್ನು ಆ ಪುಸ್ತಕ ತಿಳಿಸುತ್ತದೆ.

ಧಾಮಕ್ಕೂ ಒಂದು ಮಿತಿಯಿದೆ. ಇಪ್ಪತ್ತು ಕುದುರೆಗೆ ಮೇವಿರುವಲ್ಲಿ ಕರುಣೆಯಿಂದ ನಲವತ್ತನ್ನು ಸೇರಿಸಿಕೊಂಡರೆ ನಲವತ್ತೂ ಸೊರಗುತ್ತವೆ. ಬಾಗಿಲಿಗೆ ಬಂದ ಕುದುರೆಗೆ ಸ್ಥಳವಿಲ್ಲವೆನ್ನುವುದು ಆ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದ ಭಾಗ. ಮುಂಬಯಿಯ ವಿಕ್ಟೋರಿಯಾ ಸಾರೋಟುಗಳು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಉಚ್ಚ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು. ಗಾಡಿ ನಿಂತಿತೆಂದರೆ ಕುದುರೆಯ ಹೊಟ್ಟೆ ನಿಲ್ಲುವುದಿಲ್ಲ. ಗಾಡಿಯವನ ಸಂಸಾರವೂ ನಿಲ್ಲುವುದಿಲ್ಲ. ಎರಡಕ್ಕೂ ದಾರಿ ಮಾಡಬೇಕು.

ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವ ನಾವು ಏನು ಮಾಡಬಹುದು? ಮೈಸೂರಿನ ಅರಮನೆಯ ಸುತ್ತ ಇಂದಿಗೂ ಟಾಂಗಾಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಹತ್ತುವುದಕ್ಕೆ ಮೊದಲು ಕುದುರೆಯನ್ನು ಒಂದು ಸುತ್ತು ನೋಡಿ. ಕುಂಟುತ್ತಿದ್ದರೆ, ಎದೆಪಟ್ಟಿಯ ಕೆಳಗೆ ಹುಣ್ಣಿದ್ದರೆ ಆ ಗಾಡಿಯನ್ನು ಹತ್ತಬೇಡಿ; ಏಕೆ ಹತ್ತಲಿಲ್ಲವೆಂಬುದನ್ನು ಗಾಡಿಯವನಿಗೆ ಮರ್ಯಾದೆಯಿಂದ ಹೇಳಿ, ಚೆನ್ನಾಗಿ ಸಾಕಿದ ಕುದುರೆಯ ಗಾಡಿಯನ್ನು ಹುಡುಕಿ ಹತ್ತಿ. ಒಳ್ಳೆಯ ಆರೈಕೆಗೆ ಬಾಡಿಗೆ ಸಿಗುತ್ತದೆಂದು ಗೊತ್ತಾದರೆ ಆರೈಕೆ ತಾನೇ ಬರುತ್ತದೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು, ಅಶಕ್ತ ಪ್ರಾಣಿಯನ್ನು ದುಡಿಸುವುದು ಇವೆರಡೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಬೀದಿಯಲ್ಲಿ ಅಂಥದ್ದನ್ನು ಕಂಡರೆ ಪಶುಆಸ್ಪತ್ರೆಗೆ ತಿಳಿಸಿ. ಉಳಿದ ಅನ್ನ, ಕೊಳೆತ ತರಕಾರಿ ಸುರಿಯಬೇಡಿ. ಒಂದು ಬಕೆಟ್ಟು ನೀರು ಇಡಿ. ಎಲ್ಲಾದರೂ ಇಂಥ ಧಾಮವನ್ನು ಪ್ರಾಮಾಣಿಕವಾಗಿ ನಡೆಸುವವರಿದ್ದರೆ ಒಂದು ಹೊರೆ ಒಣಹುಲ್ಲು ಕೊಡಿಸಿ.

ನಮ್ಮ ಬೀದಿಯ ಆ ಬಿಳಿಯ ಕುದುರೆಗೆ ಬೇಕಾಗಿದ್ದದ್ದು ಬಹಳವೇನಲ್ಲ: ಒಂದು ಅರ, ಅದನ್ನು ಹಿಡಿಯಲು ಬಲ್ಲ ಒಬ್ಬ ವೈದ್ಯ, ಒಂದು ಬಕೆಟ್ಟು ನೆನೆಸಿದ ಬೂಸ. ಇದನ್ನು ತಿಳಿದವರು ಯಾರೂ ಅಂದು ನಮ್ಮ ಬೀದಿಯಲ್ಲಿರಲಿಲ್ಲ. ನಿಮ್ಮ ಬೀದಿಯಲ್ಲಿ ಇನ್ನು ಮುಂದೆ ಒಬ್ಬರಾದರೂ ಇದ್ದಾರೆ, ಅಲ್ಲವೆ?